ಬೇವಿನ ಕೆಳಗಿನ ಚಾಪೆ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಪಾಠವೆಂದರೆ ಮೊದಲು ದನಿ. ಗುರು ಸಾವಂತ್ರವ್ವ ಒಂದು ಸೊಲ್ಲು ಹೇಳುವರು. ಮಕ್ಕಳೆಲ್ಲ ಒಂದೇ ಉಸಿರಿನಲ್ಲಿ ಅದನ್ನು ಎತ್ತಿಕೊಳ್ಳುವರು. ಗೊತ್ತಿದ್ದವರ ದನಿಯ ಬೆನ್ನೇರಿ ಗೊತ್ತಿಲ್ಲದವರೂ ದಾಟಿಬಿಡುವರು.

ಆ ದನಿಗಳನ್ನು ಹದಕ್ಕೆ ತರುವ ಕೆಲಸ ಹಿರಿಯ ಶಿಷ್ಯ ಬಸವಂತನದು. ಎಲ್ಲೋ ಒಂದು ಗಂಟಲು ಹಿಂದೆ ಬಿದ್ದರೂ ಅವನ ಹುಬ್ಬು ಗಂಟಾಗುತ್ತಿತ್ತು.

ಆ ವರ್ಷ ಹೊಳೆಗೆ ಸೇತುವೆ ಕಟ್ಟಲು ಒಡಿಶಾದಿಂದ ಜನ ಬಂದರು. ತಗಡಿನ ಶೆಡ್ಡುಗಳೆದ್ದವು. ಒಂದು ಬೆಳಿಗ್ಗೆ ಅಲ್ಲಿಂದ ಸುಕಾಂತಿ ಎಂಬ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಬಾಚಿದ ತಲೆ, ಕೈಯಲ್ಲಿ ಹೊಸ ಪಾಟಿ.

"ಕೂರಿಸಿಕೋ ಬಸವಂತ," ಅಂದರು ಗುರು.

ಕೂರಿಸಿಕೊಂಡ. ಆದರೆ ಅವಳು ಬಾಯಿ ತೆರೆದಾಗಲೆಲ್ಲ ಸೊಲ್ಲು ಮುಗ್ಗರಿಸಿತು. ಮಕ್ಕಳು ಕಿಸಕ್ಕನೆ ನಕ್ಕರು.

"ಅನ್ನ ಉಣ್ಣೋ ಬಾಯಿಗೆ ರೊಟ್ಟಿ ಮಾತು ಹೊರಳಲ್ಲ ಬಿಡು!" ಅಂದ ಒಬ್ಬ.

ಮರುದಿನ ಬಸವಂತ ಅಂಗಳದ ಬೇವಿನ ಕೆಳಗೆ ಅವಳಿಗೆಂದೇ ಹೊಸ ಚಾಪೆ ಹಾಸಿದ. ಒಳಗಿನ ಪಾಠ ಮುಗಿದ ಮೇಲೆ ತಾನೇ ಹೋಗಿ ಅಕ್ಷರ ತಿದ್ದಿಸಿದ. ಕುಡಿಯಲು ಮಜ್ಜಿಗೆ ಕೊಟ್ಟ. ಯಾರೂ ನಗುವವರಿಲ್ಲ, ಪಾಪ, ನೆಮ್ಮದಿಯಾಗಿ ಕಲಿಯಲಿ ಅಂದುಕೊಂಡ.

"ಅಣ್ಣಾ, ಒಳಗೆ ಯಾವಾಗ?" ಅರೆಬರೆ ಕನ್ನಡದಲ್ಲಿ ಕೇಳಿದಳು ಸುಕಾಂತಿ.

"ನಾಲಿಗೆ ತಿರುಗಲಿ. ಆಮೇಲೆ."

ಅವಳು ಸುತ್ತ ನೋಡಿದಳು. "ಇಲ್ಲಿ ಯಾರ ಜೊತೆ ನಾಲಿಗೆ ತಿರುಗಲಿ?"

ಬಸವಂತ ಪಾಟಿಯನ್ನು ಅವಳತ್ತ ಸರಿಸಿದ. "ಅಕ್ಷರ ತಿದ್ದು," ಅಂದ.

ಅವಳು ತಿದ್ದಿದಳು. ತಲೆ ಎತ್ತದೆಯೇ, ಮಾತು ಹುಡುಕುತ್ತ ಹೇಳಿದಳು: "ಅಮ್ಮ ಬೈತಾಳೆ. ಮರದ ಕೆಳಗೆ ಕೂರೋದು ಶಾಲೆನಾ ಅಂತಾಳೆ. ಸೋಮವಾರದಿಂದ ಮರಳು ಹೊರು ಅಂತಾಳೆ."

ಆ ರಾತ್ರಿ ಬಸವಂತ ಅವಳ ಮಾತನ್ನೇ ನೆನೆಯುತ್ತ ಮಲಗಿದ. ಆದರೂ ಬೆಳಿಗ್ಗೆ ಚಾಪೆಯನ್ನು ಅಲ್ಲೇ ಹಾಸಿದ.

ಒಳಗೆ ಹೋದರೆ ಗುರುಗಳ ಪೀಠ ಖಾಲಿ. ಹುಡುಕುತ್ತ ಹೊರಬಂದ. ಸಾವಂತ್ರವ್ವ ಬೇವಿನ ಕೆಳಗೆ, ಸುಕಾಂತಿಯ ಪಕ್ಕದಲ್ಲಿ, ಚಾಪೆಯ ಅಂಚಿನಲ್ಲಿ ಕಾಲು ಮಡಚಿ ಕೂತಿದ್ದರು.

"ಅವ್ವಾ, ಒಳಗೆ ಎಲ್ಲರೂ ಕಾಯ್ತಿದ್ದಾರೆ."

"ಈ ಹುಡುಗಿ ಇಲ್ಲಿ ಯಾಕಿದ್ದಾಳಪ್ಪ?"

"ಅವಳಿಗೆ ನಮ್ಮ ಮಾತು ಬರಲ್ಲ."

"ನನಗೆ ಅವಳ ಮಾತು ಬರಲ್ಲ. ಸರಿಯಾದ ಜಾಗದಲ್ಲೇ ಕೂತಿದ್ದೀನಿ ಹಾಗಾದರೆ."

ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳಲ್ಲಿ ಒಬ್ಬಳು ಕೂಗಿದಳು: "ಅವ್ವ ಸೇತುವೆ ಕೆಲಸಕ್ಕೆ ಸೇರಿಬಿಟ್ರು ಕಣ್ರೋ!"

ಸಾವಂತ್ರವ್ವನೂ ನಕ್ಕರು. ಬಸವಂತ ನಗಲಿಲ್ಲ.

"ಪಾಠ ಯಾರು ಹೇಳಬೇಕು ಅವ್ವಾ?"

"ನೀನೇ ಹೇಳು. ನಿನಗೆ ಅವಳ ಮಾತು ಬರುತ್ತಲ್ಲ?"

"ಇಲ್ಲ."

"ಮತ್ತೆ, ನಿನ್ನನ್ನು ಒಳಗೆ ಬಿಟ್ಟವರು ಯಾರು?"

"ಅವ್ವಾ, ಇವಳನ್ನು ನಡುವೆ ಕೂರಿಸಿದರೆ ಎಲ್ಲರ ದನಿ ಕೆಡುತ್ತೆ."

"ಕೆಡಲಿ. ಬಾ, ಕೂತುಕೋ."

ಕೂತ. ಗುರು ಕೈಸನ್ನೆ ಮಾಡಿದರು. ಮಕ್ಕಳು ಒಳಗೆ ಓಡಿ ನಿನ್ನೆಯ ಸೊಲ್ಲನ್ನು ಎತ್ತಿಕೊಂಡರು.

ಬಸವಂತ ಕಿವಿಗೊಟ್ಟ. ತಾನೇ ತಿದ್ದಿ ತೀಡಿದ ಸೊಲ್ಲು ಅದು, ಒಂದೊಂದು ಅಕ್ಷರವೂ ಗೊತ್ತು. ಆದರೆ ಗೋಡೆ ದಾಟಿ ಬೇವಿನವರೆಗೆ ಬರುವಷ್ಟರಲ್ಲಿ ಅದರಲ್ಲಿ ಮಾತೇ ಉಳಿದಿರಲಿಲ್ಲ. ಬರೀ ಗುಂಯ್ ಎನ್ನುವ ಸದ್ದು.

ಪಕ್ಕದಲ್ಲಿ ಸುಕಾಂತಿ ಆ ಸದ್ದಿಗೇ ತುಟಿ ಆಡಿಸುತ್ತಿದ್ದಳು.

ಅವನು ಎದ್ದ. "ಬಾ ತಂಗಿ," ಅಂದ.

ಒಳಗೆ, ಹಿಂದಿನ ಸಾಲಿನಲ್ಲಲ್ಲ, ಒಳ್ಳೆಯ ದನಿಯ ನೀಲವ್ವ ಮತ್ತು ಶಿವಯೋಗಿಯ ನಡುವೆ ಅವಳನ್ನು ಕೂರಿಸಿದ. ಸೊಲ್ಲು ಶುರುವಾಯಿತು, ಮುಗ್ಗರಿಸಿತು, ನಿಂತಿತು. ಬಸವಂತನ ಹುಬ್ಬು ಗಂಟಾಗಹೊರಟಿತು. ತಡೆದುಕೊಂಡ.

"ಏ, ನನ್ನ ಬಾಯಿ ನೋಡು," ಅಂದಳು ನೀಲವ್ವ. "ಮೆತ್ತಗೆ ಹೇಳ್ತೀನಿ. ಹಾಂ, ಇನ್ನೊಂದ್ಸಲ."

ಮತ್ತೆ ಎತ್ತಿಕೊಂಡರು. ಈ ಸಲ ಅರ್ಧದವರೆಗೆ ಸುಕಾಂತಿ ಜೊತೆಗಿದ್ದಳು.

ಬಸವಂತ ಹೊರಗೆ ಓಡಿದ. ಗುರು ಚಾಪೆಯ ಮೇಲೆ ಹಾಗೇ ಕೂತಿದ್ದರು.

"ಅವ್ವಾ, ಅವಳು ಒಳಗಿದ್ದಾಳೆ. ಸಂಜೆ ಶೆಡ್ಡಿಗೆ ಹೋಗಿ ಅವಳ ತಾಯಿಯ ಹತ್ತಿರ ನಾನೇ ಮಾತಾಡ್ತೀನಿ."

"ಒಳ್ಳೆಯದು."

"ಬನ್ನಿ ಮತ್ತೆ, ಪಾಠ ಶುರು ಮಾಡೋಣ."

ಸಾವಂತ್ರವ್ವ ಏಳಲಿಲ್ಲ.

"ನಾನು ಕರೀತಿದ್ದೀನಲ್ಲ ಅವ್ವಾ!"

"ನೀನಲ್ಲಪ್ಪ," ಅಂದರು ಗುರು. "ಹೊರಗೆ ಕೂತಿದ್ದವಳು ಅವಳು. ಅವಳೇ ಬಂದು ಕರೀಲಿ."