ಗದ್ದುಗೆಯ ಕಂಬಳಿ, ಕಸ್ತೂರಿಯ ಕೌದಿ

ಆ ಗುರುವಾರದಲ್ಲಿ ಹೊಸದೇನೂ ಇರಲಿಲ್ಲ. ಪೂಜ್ಯ ಗುರುಶಾಂತವ್ವನವರು ಎಂದಿನಂತೆ ಮಠದ ಹಿತ್ತಲಿನಲ್ಲಿ, ಬೇವಿನ ಮರದ ಕೆಳಗೆ, ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಮಠವೆಂದರೆ ಎರಡು ಕೋಣೆಯ ಮಣ್ಣಿನ ಮನೆ. ಒಂದರಲ್ಲಿ ಅವರ ಗುರುಗಳಾದ ಲಿಂಗೈಕ್ಯ ನಿರಂಜನಯ್ಯನವರ ಗದ್ದುಗೆ. ಇನ್ನೊಂದರಲ್ಲಿ ಒಲೆ, ಎರಡು ಗಡಿಗೆ, ಒಂದು ಚಾಪೆ. ಅವ್ವನವರು ಪ್ರವಚನ ಮಾಡಿದವರಲ್ಲ. ಕೇಳಿದ್ದಕ್ಕೆ ಮೂರು ಮಾತಿನಲ್ಲಿ ಉತ್ತರ ಹೇಳಿ, ನಾಲ್ಕನೆಯದನ್ನು ನುಂಗಿಬಿಡುತ್ತಿದ್ದರು ಎಂದು ಭಕ್ತರು ಈಗಲೂ ನೆನೆಯುತ್ತಾರೆ.

ಅದೇ ಹೊತ್ತಿಗೆ ಹಳ್ಳದಾಚೆಯ ಕರಿಮಟ್ಟಿಯಲ್ಲಿ, ಊರಿಗೆ ನೀರು ಬಿಡುವ ಫಕೀರಪ್ಪ ಟಾಕಿಯ ವಾಲ್ವ್ ತಿರುವಿ ಬಂದು ಚಹಾ ಕುಡಿಯಲು ಕುಳಿತಿದ್ದ. ಪಕ್ಕದ ಮನೆಯ ತಿಪ್ಪವ್ವ ನೇರವಾಗಿ ಒಳಗೆ ಬಂದು ಅವನ ಮುಂದೆ ಅಂಗೈ ಚಾಚಿದಳು. ಅಂಗೈಯಲ್ಲಿ ಔಡಲ ಬೀಜದಂಥ ಒಂದು ಉಣ್ಣಿ. ರಕ್ತ ಕುಡಿದು ಉಬ್ಬಿತ್ತು. ಕಾಲುಗಳು ಇನ್ನೂ ಆಡುತ್ತಿದ್ದವು.

"ಎಲ್ಲಿ ಸಿಕ್ತು ಅಂತ ಕೇಳು," ಅಂದಳು.

ಫಕೀರಪ್ಪ ಚಹಾದ ಬಟ್ಟಲು ಕೆಳಗಿಟ್ಟ.

"ಕೂಸಿನ ಕಿವಿ ಹಿಂದ. ಮೂರು ತಿಂಗಳ ಮೊಮ್ಮಗ. ಅದಕ್ಕ ಕೆರಕೊಳ್ಳಾಕೂ ಬರೂದಿಲ್ಲ."

ಎರಡೂ ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ. ಗೋಡೆಯ ಆಚೆ ತೊಟ್ಟಿಲು, ಈಚೆ ಫಕೀರಪ್ಪನ ನಾಯಿ ಕೆಂಚಿ ಮಲಗುವ ಮೂಲೆ. ಕೆಂಚಿ ಆಗಲೂ ಅಲ್ಲಿಯೇ ಇತ್ತು. ಹಿಂಗಾಲಿನಿಂದ ಕುತ್ತಿಗೆ ಕೆರೆದುಕೊಳ್ಳುತ್ತಿತ್ತು.

"ಐತಾರ ಸಂಜಿ ತನಕ ನೋಡ್ತೀನಿ," ಅಂದಳು ತಿಪ್ಪವ್ವ. "ಆಮ್ಯಾಲೆ ನನ್ನ ಕಣ್ಣಿಗೆ ಒಂದ ಒಂದು ಉಣ್ಣಿ ಬಿದ್ರೂ ನನ್ನ ಮಗ ರೊಟ್ಟಿಗೆ ಹತ್ತಿಗೆ ಹೊಡಿಯೋ ಔಷಧ ಹಚ್ಚಿ ನಿನ್ನ ನಾಯಿಗೆ ಒಗೀತಾನ. ನಿನಗೂ ಒಂದು ಕೂಸು ಇತ್ತು. ನಿನಗ ತಿಳೀತೈತಿ."

ಆಡಿದ ಮೇಲೆ ಅವಳಿಗೂ ಆ ಮಾತು ಹೆಚ್ಚಾಯಿತೆನಿಸಿರಬೇಕು. ಒಲೆಯ ಮುಂದಿದ್ದ ಅವನ ಹೆಂಡತಿ ಈರವ್ವನ ಕಡೆ ನೋಡದೆ ಹೊರಟುಹೋದಳು.

ಫಕೀರಪ್ಪ, ಈರವ್ವ ದಂಪತಿಗಳಿಗೆ ಕಸ್ತೂರಿ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ, ಹನ್ನೊಂದನೆಯ ವಯಸ್ಸಿನಲ್ಲಿ, ಕಾಮಾಲೆಯಿಂದ ತೀರಿಕೊಂಡಿದ್ದಳು. ಕೆಂಚಿಯನ್ನು ಮರಿಯಿದ್ದಾಗ ಹಳ್ಳದ ದಂಡೆಯಿಂದ ಎತ್ತಿ ತಂದವಳು ಅವಳು. ಅವಳ ಹಾಸಿಗೆಯ ಕಾಲ್ದೆಸೆಯಲ್ಲೇ ಅದು ಬೆಳೆಯಿತು. ಅವಳು ಹೋದ ಮೇಲೆ, ಅವಳು ಹೊದೆಯುತ್ತಿದ್ದ ಕೌದಿಯನ್ನು ಫಕೀರಪ್ಪ ಒಗೆಯಗೊಡಲಿಲ್ಲ. ಮಡಚಿ ಮೂಲೆಯಲ್ಲಿಟ್ಟ. ಕೆಂಚಿ ತಾನಾಗಿ ಬಂದು ಅದರ ಮೇಲೆ ಮಲಗಿತು, ಅವನು ಎಬ್ಬಿಸಲಿಲ್ಲ. ದಿನಕ್ಕೊಮ್ಮೆ, ಈರವ್ವ ನೀರಿಗೆ ಹೋದಾಗ, ಅದರ ಒಂದು ತುದಿಯನ್ನು ಎತ್ತಿ ಮೂಗಿಗೆ ಹಿಡಿಯುತ್ತಿದ್ದ. ಮಗಳ ತಲೆಗೆ ಹಚ್ಚುತ್ತಿದ್ದ ಎಣ್ಣೆಯ ವಾಸನೆ ಇನ್ನೂ ಇದೆ ಎಂದು ಅವನ ನಂಬಿಕೆ. ಈರವ್ವನಿಗೆ ನಾಯಿಯ ವಾಸನೆ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ಅದನ್ನು ಅವಳು ಹೇಳಿರಲಿಲ್ಲ.

ಹಿಂದಿನ ತಿಂಗಳು ಯಾರದೋ ಮಾತು ಕೇಳಿ ನಾಯಿಗೆ ಸೀಮೆಎಣ್ಣೆ ಹಚ್ಚಿ ನೋಡಿದ್ದ. ಉಣ್ಣಿ ಉದುರಲಿಲ್ಲ, ಬೆನ್ನಿನ ಕೂದಲು ಉದುರಿತು.

"ಅವ್ವಾರ ಹಂತ್ಯಾಕ ಹೋಗಿ ಬರ್ರಿ," ಅಂದಳು ಈರವ್ವ.

"ಒಮ್ಮೆ ಹೋಗಿ ಬಂದೀನಿ."

ಆ ಒಮ್ಮೆ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಕಾಮಾಲೆ ಏರಿದ ಮೂರನೆಯ ದಿನ ಅವನು ಮಠದ ವಿಭೂತಿ ತಂದು ಮಗಳ ಹಣೆಗೆ ಹಚ್ಚಿದ್ದ. ಆರನೆಯ ದಿನ ಮಣ್ಣು ಕೊಟ್ಟು ಬಂದರು. ಅಂದಿನಿಂದ ಅವನು ಹಳ್ಳ ದಾಟಿರಲಿಲ್ಲ.

"ಈಗ ನನ್ನ ಸಲುವಾಗಿ ಹೋಗಬ್ಯಾಡ್ರಿ. ಅದರ ಸಲುವಾಗಿ ಹೋಗ್ರಿ," ಎಂದು ಈರವ್ವ ಕೆಂಚಿಯ ಕೊರಳಿಗೆ ಹಗ್ಗ ಕಟ್ಟಿ ಅವನ ಕೈಗೆ ಕೊಟ್ಟಳು.

ಅವನು ಮಠ ಮುಟ್ಟಿದಾಗ ಅವ್ವನವರು ಇನ್ನೂ ಜೋಳದ ಮುಂದೆಯೇ ಇದ್ದರು. ನಮಸ್ಕಾರ ಮಾಡದೆ ನಿಂತ.

"ವಿಭೂತಿಗೆ ಬಂದಿಲ್ಲ," ಅಂದ.

"ನಾಯಿಗೆ ಯಾರು ವಿಭೂತಿ ಹಚ್ಚತಾರಪ್ಪ," ಎಂದರು ಅವ್ವನವರು. "ಕುಂಡ್ರು. ಒಂದು ಬಟ್ಟಲದಾಗ ಉಪ್ಪು ಹಾಕಿ ನೀರು ತಾ."

ಅವ್ವನವರು ಕೆಂಚಿಯನ್ನು ತೊಡೆಯ ಮೇಲೆ ಒರಗಿಸಿಕೊಂಡು ಕಿವಿ ಮಗುಚಿದರು. ಒಂದೊಂದು ಉಣ್ಣಿಯನ್ನೂ ಅರಿವೆಯ ತುದಿಯಿಂದ, ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ ನೇರವಾಗಿ ಎಳೆದು ಉಪ್ಪುನೀರಿಗೆ ಹಾಕುತ್ತಿದ್ದರು. ಫಕೀರಪ್ಪ ಒಂದನ್ನು ಉಗುರಿನಲ್ಲಿ ಕುಕ್ಕಲು ಹೋದಾಗ ಅವನ ಕೈ ಹಿಡಿದು ತಡೆದರು. ಕಿವಿ ಮುಗಿದ ಮೇಲೆ ಬೆರಳ ಸಂದು, ಬೆರಳ ಸಂದು ಮುಗಿದ ಮೇಲೆ ಕಂಕುಳು, ಬಾಲದ ಬುಡ. ಆಮೇಲೆ ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿದರು; ಚಿಗಟಗಳು ನೀರಿಗೆ ಉದುರಿದವು. ಬೇವಿನ ಎಲೆ ಕುದಿಸಿ ಆರಿಸಿದ ನೀರಿನಿಂದ ಮೈ ತೊಳೆದರು. ಸೀಮೆಎಣ್ಣೆ ಸುಟ್ಟಿದ್ದ ಜಾಗವನ್ನು ಕಂಡು ಅಲ್ಲಿ ಮಾತ್ರ ಕೈ ಹಗುರ ಮಾಡಿದರು. ಇಷ್ಟಕ್ಕೆ ಬಿಸಿಲು ನೆತ್ತಿಗೆ ಬಂದಿತ್ತು.

ಬಟ್ಟಲಿನಲ್ಲಿ ನೀರು ಕಾಣುತ್ತಿರಲಿಲ್ಲ.

"ಇದು ಎಲ್ಲಿ ಮಲಗತೈತಿ?" ಎಂದು ಕೇಳಿದರು.

"ಮನ್ಯಾಗ. ಒಂದು ಹಳೇ ಕೌದಿ ಮ್ಯಾಲೆ."

"ಮೈಮ್ಯಾಲೆ ಇದ್ದದ್ದು ನಾಲ್ಕಾಣಿ. ಉಳಿದದ್ದು ಅಲ್ಲೈತಿ. ಗ್ವಾಡಿ ಬಿರುಕಿಗೆ ಸುಣ್ಣ ತುಂಬು. ಕೌದಿ ಕುದಿಸು."

"ಸುಣ್ಣ ತುಂಬತೀನಿ," ಎಂದ ಫಕೀರಪ್ಪ. "ಕೌದಿ ಆಗೂದಿಲ್ಲ."

ಅವ್ವನವರು ಅವನ ಮುಖ ನೋಡಿದರು.

"ಅದು ನನ್ನ ಮಗಳು ಹೊದೀತಿದ್ದ ಕೌದಿ."

ಮಠದ ಕುಂಟನಾಯಿ ಗದ್ದುಗೆಯ ಕೋಣೆಯ ಹೊಸ್ತಿಲಿಗೆ ಬಂದು, ಕುತ್ತಿಗೆ ಕೆರೆದುಕೊಂಡು, ಮತ್ತೆ ಒಳಗೆ ಹೋಯಿತು. ಅವ್ವನವರು ಅದು ಹೋದ ದಿಕ್ಕನ್ನೇ ನೋಡುತ್ತ ಎದ್ದರು. ಒಳಗೆ ಹೋದರು.

ಗದ್ದುಗೆಯ ಮೇಲೆ ನಿರಂಜನಯ್ಯನವರ ಕಂಬಳಿ ಹಾಸಿತ್ತು. ಗುರುಗಳು ಲಿಂಗೈಕ್ಯರಾದ ದಿನ ಹೆಗಲ ಮೇಲಿದ್ದ ಕರಿ ಕಂಬಳಿ ಅದು. ಇಪ್ಪತ್ತೆರಡು ವರ್ಷಗಳಿಂದ ನೀರು ಕಂಡಿರಲಿಲ್ಲ. ಹೊರಗಿನಿಂದ ಬಂದವರು ಅದರ ಅಂಚನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ನೆಲದವರೆಗೆ ಇಳಿಬಿದ್ದ ಆ ಅಂಚಿನಡಿಯಲ್ಲೇ ಕುಂಟನಾಯಿ ಮಲಗುವುದು. ಅವ್ವನವರು ಬಗ್ಗಿ ಕಂಬಳಿಯ ಮಡಿಕೆಯನ್ನು ಬಿಡಿಸಿದರು. ಒಳಗೆ ಎಳ್ಳು ಚೆಲ್ಲಿದಂತೆ ಮರಿ ಉಣ್ಣಿಗಳಿದ್ದವು.

ಅವ್ವನವರು ಕಂಬಳಿಯನ್ನು ಗದ್ದುಗೆಯಿಂದ ಎತ್ತಿದರು.

ದೀಪಕ್ಕೆ ಎಣ್ಣೆ ಹಾಕಲು ಬಂದಿದ್ದ ಹಿರಿಯ ಭಕ್ತ ಸೋಮಲಿಂಗಪ್ಪ ಬಾಗಿಲಿಗೆ ಅಡ್ಡ ನಿಂತ. "ಅವ್ವಾರ, ಎಲ್ಲಿಗೆ?"

"ಹಂಡೆಕ್ಕ."

"ಅಪ್ಪಗಳ ಕಂಬಳಿ ಅಲ್ಲೇನ್ರಿ ಅದು, ಕುರಿ ಕೂದಲದ್ದು. ಕುದಿಯೋ ನೀರಾಗ ಹಾಕಿದ್ರ ಮುದುಡಿ ಅಂಗೈಯಷ್ಟ ಆಗತೈತಿ."

"ಆಗಲಿ."

"ಅದರಾಗ ಅಪ್ಪಗಳ ಬೆವರು ಐತಿ."

"ಬೆವರು ಐತಿ, ಸೋಮಲಿಂಗಪ್ಪ. ಅಪ್ಪಗಳು ಅದಾರೇನು?"

ಸೋಮಲಿಂಗಪ್ಪ ಎಣ್ಣೆಯ ಗಿಂಡಿಯನ್ನು ಎದೆಗೆ ಒತ್ತಿ ಹಿಡಿದ. ಅವನು ದಾರಿ ಬಿಡಲಿಲ್ಲ; ಅವ್ವನವರೂ ಹಿಂದೆ ಸರಿಯಲಿಲ್ಲ. ಹಿತ್ತಲಿನಲ್ಲಿದ್ದ ಫಕೀರಪ್ಪನಿಗೆ ಇಬ್ಬರ ಮುಖವೂ ಕಾಣುತ್ತಿತ್ತು. ಅವ್ವನವರ ಕಣ್ಣಲ್ಲಿ ನೀರಿತ್ತು. ಅವನು ಅದನ್ನು ನಿರೀಕ್ಷಿಸಿರಲಿಲ್ಲ.

"ನಾನೂ ಇಪ್ಪತ್ತೆರಡು ವರ್ಷ ಇದನ್ನ ಬಿಚ್ಚಿ ನೋಡಿಲ್ಲ," ಎಂದರು ಅವ್ವನವರು. "ನನ್ನ ತಪ್ಪಿಗೆ ಈ ಕುಂಟ ಮೂಕಪ್ರಾಣಿ ರಕ್ತಾ ಕೊಟ್ಟೈತಿ."

ಸೋಮಲಿಂಗಪ್ಪ ಗೋಡೆಗೆ ಒತ್ತಿ ನಿಂತ.

ಬೇವಿನೆಲೆ ಕುದಿಯುತ್ತಿದ್ದ ಹಂಡೆಗೆ ಅವ್ವನವರು ತಾವೇ ಕಂಬಳಿಯನ್ನು ಇಳಿಸಿ, ಕೋಲಿನಿಂದ ಅದುಮಿದರು. ಕರಿಯ ನೊರೆ ಎದ್ದಿತು. ಒಂದು ಗಳಿಗೆಯ ಮೇಲೆ ಎತ್ತಿ ಕೊಂಬೆಗೆ ಹಾಕಿದಾಗ ಅದು ನಿಜಕ್ಕೂ ಮುದುಡಿತ್ತು. ಗದ್ದುಗೆಯ ಅರ್ಧಕ್ಕೂ ಸಾಲುವಂತಿರಲಿಲ್ಲ. ಸೋಮಲಿಂಗಪ್ಪ ಅತ್ತ ನೋಡದೆ ಕಸಬರಿಗೆ ತೆಗೆದುಕೊಂಡು ಗದ್ದುಗೆಯ ಬುಡ ಗುಡಿಸತೊಡಗಿದ.

ಅವ್ವನವರು ಕೈ ತೊಳೆದುಕೊಂಡು ಬಂದು ಫಕೀರಪ್ಪನಿಗೆ ಒಂದು ಹೊರೆ ಬೇವಿನ ಸೊಪ್ಪು ಕೊಟ್ಟರು.

"ಮೂರು ದಿನಕ್ಕೊಮ್ಮೆ ಹಿಂಗ ಆರಿಸು. ಒಂದು ತಿಂಗಳು ಬಿಡಬ್ಯಾಡ. ತತ್ತಿ ಒಡೀತಾನ ಇರತಾವ," ಎಂದರು. ಆಮೇಲೆ, "ನಂದು ನಾನು ನೋಡಿದೆ. ನಿಂದು ನೀನು ನೋಡು."

ಫಕೀರಪ್ಪ ಶುಕ್ರವಾರ ಹೇಳಿದ್ದೆಲ್ಲವನ್ನೂ ಮಾಡಿದ, ಒಂದನ್ನು ಬಿಟ್ಟು. ಗೋಡೆಯ ಬಿರುಕುಗಳಿಗೆ ನೆಲದಿಂದ ಎದೆಯೆತ್ತರದವರೆಗೆ ಸುಣ್ಣ ತುಂಬಿದ. ಮೂಲೆಯನ್ನು ಗುಡಿಸಿ ಕಸ ಸುಟ್ಟ. ಕೌದಿಯನ್ನು ಬಿಸಿಲಿಗೆ ಹರವಿ, ಬಡಿದು, ಸಂಜೆ ತಿರುಗಿ ಅದೇ ಜಾಗದಲ್ಲಿಟ್ಟ. ಈರವ್ವ ನೋಡುತ್ತಿದ್ದಳು.

"ಬಿಸಿಲಿಗೆ ಹಾಕೀನಲ್ಲ," ಅಂದ, ಅವಳು ಏನೂ ಕೇಳದಿದ್ದರೂ.

ಶನಿವಾರ ಬೆಳಿಗ್ಗೆ ಕೆಂಚಿಯ ಕಿವಿಯಲ್ಲಿ ಎಳ್ಳಿನಷ್ಟು ಗಾತ್ರದ ಹನ್ನೆರಡು ಮರಿ ಉಣ್ಣಿಗಳು ಕಚ್ಚಿಕೊಂಡಿದ್ದವು.

ಅವನು ಅವನ್ನು ಆರಿಸಲಿಲ್ಲ. ತಿಪ್ಪವ್ವನ ಮಗನ ಬಳಿಗೆ ಹೋಗಿ ಹತ್ತಿಗೆ ಹೊಡೆಯುವ ಔಷಧದ ಬಾಟಲಿ ಕೇಳಿ ತಂದ. ರೊಟ್ಟಿಗಲ್ಲ, ಮೈಗೆ. ಒಂದು ಕೊಡ ನೀರಿಗೆ ಒಂದು ಮುಚ್ಚಳ ಸಾಕು, ಎಲ್ಲಾ ಒಮ್ಮೆಗೇ ಸಾಯುತ್ತವೆ ಎಂದು ಆ ಮಗ ಹೇಳಿದ್ದ. ಅವನದೇ ನಾಯಿ ಹಿಂದಿನ ವರ್ಷ ಹಾಗೆ ಸ್ನಾನ ಮಾಡಿಸಿಕೊಂಡು, ಮೈ ನೆಕ್ಕಿ, ಸಂಜೆಯೊಳಗೆ ನೊರೆ ಕಾರಿ ಸತ್ತಿದ್ದನ್ನು ಊರೇ ಕಂಡಿತ್ತು. ಫಕೀರಪ್ಪನೂ ಕಂಡಿದ್ದ. ಆದರೂ ಹಿತ್ತಲಲ್ಲಿ ಕುಳಿತು ಮುಚ್ಚಳ ತಿರುವಿದ. ಘಾಟು ಮೂಗಿಗೆ ಬಡಿಯಿತು.

ಕೆಂಚಿ ಬಾಲ ಆಡಿಸುತ್ತ ಬಂದು ಅವನ ಮಣಿಕಟ್ಟು ನೆಕ್ಕಿತು. ಆಮೇಲೆ ಬೆರಳು. ಬಾಟಲಿ ಹಿಡಿದ ಬೆರಳಿಗೆ ಅದರ ನಾಲಗೆ ಇನ್ನು ಎರಡಂಗುಲವಿತ್ತು.

ಫಕೀರಪ್ಪ ಕೈ ಮೇಲೆತ್ತಿದ. ಮುಚ್ಚಳ ಬಿಗಿದ. ಆ ಬಾಟಲಿಯನ್ನು ಹಿಂತಿರುಗಿಸಿ, ಕೈಯನ್ನು ಬೂದಿ ಹಚ್ಚಿ ಮೂರು ಸಲ ತಿಕ್ಕಿ ತೊಳೆದು, ಮನೆಯೊಳಗೆ ಬಂದು ಮೂಲೆಯ ಮುಂದೆ ಕುಳಿತ. ಕೌದಿಯ ತುದಿ ಎತ್ತಿ ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದ.

"ಏನಾರ ಬರತೈತೇನ್ರಿ?" ಎಂದಳು ಈರವ್ವ ಹಿಂದಿನಿಂದ.

ಅವನು ತಲೆ ಅಲ್ಲಾಡಿಸಿದ. "ಇಲ್ಲ."

"ಭಾಳ ದಿನಾ ಆತು ಹೋಗಿ," ಎಂದಳು ಅವಳು. ಹೊರಗೆ ಹೋಗಿ ಹಂಡೆಯ ಕೆಳಗೆ ಬೆಂಕಿ ಮಾಡಿದಳು.

ಇಬ್ಬರೂ ಸೇರಿ ಕೌದಿಯನ್ನು ಎತ್ತಿದರು. ಅಜ್ಜಿ ಹೊಲಿದ ದಪ್ಪ ಕೌದಿ; ಹಳೆ ಸೀರೆ, ಅಂಗಿ, ಕುಬುಸದ ತುಂಡುಗಳು, ಸುತ್ತಲೂ ನಾಲ್ಕು ಬೆರಳಗಲದ ಮಣ್ಣುಬಣ್ಣದ ಅಂಚು.

"ಅಂಚು ಹಳದೀನ ಆಗಬೇಕಂತ ಎರಡು ದಿನ ಉಂಡಿರಲಿಲ್ಲ ಹುಡುಗಿ," ಎಂದಳು ಈರವ್ವ.

"ಹಳದಿ ಎಲ್ಲೈತಿ? ಮಣ್ಣಿನ ಬಣ್ಣ. ಮೊದಲಿಂದೂ ಹಂಗ ಐತಿ."

"ನೀವು ಆಗ ನೀರಿನ ಟಾಕ್ಯಾಗ ಇದ್ರಿ, ಮನ್ಯಾಗಲ್ಲ," ಎಂದು ಅವಳು ಕೌದಿಯ ತನ್ನ ಕಡೆಯನ್ನು ನೀರಿಗಿಳಿಸಿದಳು. ಅವನ ಕಡೆ ಒಂದು ಕ್ಷಣ ಮೇಲೆಯೇ ಉಳಿಯಿತು. ಆಮೇಲೆ ಅವನೂ ಬಿಟ್ಟ.

ಕೆಂಚಿಯ ಕಿವಿಯ ಆ ಹನ್ನೆರಡನ್ನೂ ಫಕೀರಪ್ಪ ಅಂದೇ ಆರಿಸಿ ಉಪ್ಪುನೀರಿಗೆ ಹಾಕಿದ. ಭಾನುವಾರ ಇಳಿಹೊತ್ತಿಗೆ ತಿಪ್ಪವ್ವ ಬಂದಳು. ಮಗ ಬಾಗಿಲಾಚೆ ನಿಂತಿದ್ದ. ಅವನ ಕೈಯಲ್ಲಿ ಮಡಚಿದ ರೊಟ್ಟಿ ಇತ್ತು. ತಿಪ್ಪವ್ವ ಕೆಂಚಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕಿವಿ ಮಗುಚಿದಳು. ಬೆರಳ ಸಂದು ಬಿಡಿಸಿದಳು. ಬಾಲ ಎತ್ತಿದಳು. ಎದ್ದು ಹೋಗಿ ಕಸಬರಿಗೆಯ ಕಡ್ಡಿಯಿಂದ ಗೋಡೆಯ ಬಿರುಕು ಕೆದಕಿದಳು. ಸುಣ್ಣ ಉದುರಿತು, ಬೇರೇನೂ ಉದುರಲಿಲ್ಲ. ಮತ್ತೆ ಬಂದು ಕುತ್ತಿಗೆಯ ಮೇಲೆ ಕೈಯಾಡಿಸುವಾಗ ಅವಳ ಬೆರಳು ನಿಂತಿತು. ಕೂದಲೊಳಗೆ ಕರ್ರಗೆ ಏನೋ ಇತ್ತು.

ಈರವ್ವ ಸೆರಗಿನ ತುದಿಯನ್ನು ಹಿಡಿದುಕೊಂಡಳು. ಬಾಗಿಲಾಚೆ ಮಗ ಒಂದು ಹೆಜ್ಜೆ ಒಳಗಿಟ್ಟ.

ತಿಪ್ಪವ್ವ ಬಗ್ಗಿ, ಕಣ್ಣು ಕಿರಿದು ಮಾಡಿ, ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಅದು ಹಳೆಯ ಗಾಯದ ಹೆಪ್ಪು.

"ಆ ರೊಟ್ಟಿ ಒಲಿಗೆ ಹಾಕಿ, ಕೈ ತೊಳಕೋ ಹೋಗು," ಎಂದಳು ಮಗನಿಗೆ. ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಫಕೀರಪ್ಪನ ಮುಖ ನೋಡದೆ, "ಆ ಬ್ಯಾವಿನ ನೀರು ಉಳದಿದ್ರ ಒಂದು ಕೊಡ ಕೊಡು. ತೊಟ್ಟಿಲದ ಅರಿವಿ ಕುದಿಸಬೇಕು. ನಿನ್ನ ನಾಯಿಗಿಂತ ನನ್ನ ಮೊಮ್ಮಗ ಹೊಲಸು ಇರಬಾರದಲ್ಲ."

ಮುಂದೆ ಫಕೀರಪ್ಪ ಬದುಕಿದ್ದಷ್ಟು ಕಾಲ ಪ್ರತಿ ಗುರುವಾರ ಹಳ್ಳ ದಾಟಿ ಮಠಕ್ಕೆ ಹೋಗಿ, ಅಲ್ಲಿಗೆ ಬರುವ ನಾಯಿಗಳ ಉಣ್ಣಿ ಆರಿಸಿದ. ಮುದುಡಿದ ಕಂಬಳಿಯನ್ನು ಅವ್ವನವರು ಗದ್ದುಗೆಗೆ ಮತ್ತೆ ಹಾಸಿದ್ದರು. ಪ್ರತಿ ಅಮಾವಾಸ್ಯೆಗೆ ಅದನ್ನು ಒಗೆಯುವ ಸೇವೆಯನ್ನು ಸೋಮಲಿಂಗಪ್ಪ ತಾನೇ ಕೇಳಿ ಪಡೆದ. ಇವೆಲ್ಲ ಆಮೇಲಿನ ಮಾತು.

ಆ ಭಾನುವಾರ ತಿಪ್ಪವ್ವ ಕೊಡ ಹೊತ್ತು ಹೋದ ಮೇಲೆ ಈರವ್ವ ಹಿತ್ತಲಿಗೆ ಹೋದಳು. ಎರಡು ಬಿಸಿಲಿಗೆ ಕೌದಿ ಒಣಗಿತ್ತು. ಅವಳು ಅದನ್ನು ತಂತಿಯಿಂದ ಇಳಿಸಿ ತಂದು ಫಕೀರಪ್ಪನ ಮಡಿಲಿಗೆ ಹಾಕಿದಳು. ಅವನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಿಡಿಸಿದ.

ಅಂಚು ಹಳದಿಯಾಗಿತ್ತು.