ಬಿಳಿ ಚುಕ್ಕಿಯ ಬಿಸಿ

"ಕೇಳಿರಿ, ಕೇಳಿರಿ! ರಣಧೀರರಾಯ ಪ್ರಭುಗಳ ಅಪ್ಪಣೆ! ಆಕಾಶದ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪು ಹೇಳಿದವರಿಗೆ ತಲೆದಂಡ!"

ಡಂಗುರದವನು ಹೀಗೆ ಸಾರಿದ. ರಣಧೀರ ಎನ್ನುವುದು ಹೆಸರಿಗೆ ಮಾತ್ರ, ಆ ಅರಸ ರಣ ಕಂಡವನೇ ಅಲ್ಲ. ಉಂಡದ್ದು ಅರಗದಿದ್ದಾಗ ಇಂಥ ಆಟ ಹೂಡುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಗಟು ಕಟ್ಟಿದವನು ಆಸ್ಥಾನದ ಜೋಯಿಸ ತ್ರಿವಿಕ್ರಮ. ಉತ್ತರಗಳು ಅವನ ಓಲೆಗರಿಯಲ್ಲಿದ್ದವು.

ಮೊದಲು ಬಂದ ನೆರೆರಾಜ್ಯದ ರಾಜಕುಮಾರ ಮೊದಲನೆಯದಕ್ಕೇ "ಮಿಂಚು" ಎಂದ. ತಲೆ ಹೋಯಿತು. ರತ್ನದ ವ್ಯಾಪಾರಿಯ ಮಗ ಎರಡನೆಯದಕ್ಕೆ "ಆನೆ, ಇರುವೆ" ಎಂದ. ಅವನದೂ ಹೋಯಿತು. ಚೆನ್ನಿಗನೆಂಬ ಕುಂಬಾರ ಎರಡು ಬಿಡಿಸಿ ಮೂರನೆಯದರಲ್ಲಿ ತಲೆ ಕೊಟ್ಟ. ಆಮೇಲೆ ಹೋದವನು ಕಮ್ಮಾರ ಈರಬದ್ರ. ಮೂರನೆಯದಕ್ಕೆ ಅವನೂ ಕುಂಬಾರ ಹೇಳಿದ್ದನ್ನೇ ಹೇಳಿದ. ಆ ದಿನ ಏಕಾದಶಿ, ಅರಮನೆಯಲ್ಲಿ ರಕ್ತ ಬೀಳಬಾರದಂತೆ! ಅದಕ್ಕೆ ಅವನನ್ನು ಸೆರೆಗೆ ತಳ್ಳಿ, ತಲೆಯನ್ನು ನಾಳೆ ತೆಗೆಯುತ್ತೇವೆ ಎಂದರು.

ಈರಬದ್ರನ ತಂಗಿ ಮೋನವ್ವ ಅವನ ಕುಲುಮೆಯಲ್ಲಿ ತಿದಿ ಊದುವವಳು. ಸುದ್ದಿ ಕೇಳಿದ್ದೇ ಮಸಿ ಹತ್ತಿದ ಕೈಯಲ್ಲೇ ಅರಮನೆಗೆ ಬಂದಳು. ಸಿಟ್ಟಿನಿಂದ ಕಾವಲಿನವರನ್ನು ತಳ್ಳಿಕೊಂಡೇ ಒಳಗೆ ನುಗ್ಗಿದಳು.

"ನಾನೂ ಒಗಟು ಬಿಡಸ್ತೀನ್ರಿ. ಗೆದ್ರ ನಮ್ಮಣ್ಣನ್ನ ಬಿಡಬೇಕು."

"ಸೋತರೆ ಎರಡು ತಲೆ," ಎಂದು ಅರಸ ನಕ್ಕ.

ಜೋಯಿಸ ಮೊದಲನೆಯದನ್ನು ಓದಿದ. "ತಾಯಿ ತಣ್ಣಗಿನ ಧೂಳು, ಹೊಗೆಯ ಹಾಗೆ ಚದುರಿಕೊಂಡವಳು. ತನ್ನ ಭಾರಕ್ಕೆ ತಾನೇ ಕುಸಿದು ಮುದುಡಿದಾಗ ಹೆರುತ್ತಾಳೆ, ಮಗು ಬೆಳಗುತ್ತದೆ. ಯಾರು ಆ ಮಗು?"

"ಚುಕ್ಕಿ. ಒಲಿ ಇಲ್ದನ, ತಣ್ಣನ ಕಬ್ಬಿಣ ಬಡದು ಬಡದ ಕೆಂಪ ಮಾಡ್ತಾನ ನಮ್ಮಣ್ಣ. ಒತ್ತಿದ್ದು ಕಾಯ್ತದ. ಅಷ್ಟು ಧೂಳು ಒಂದ ಕಡೆ ಒತ್ತಿದ್ರ ಹತ್ತಿಕೊಳ್ಳದ ಇರ್ತದೇನು?"

ಓಲೆಗರಿಯಲ್ಲೂ ಚುಕ್ಕಿ ಎಂದೇ ಇತ್ತು. ಜೋಯಿಸ ಎರಡನೆಯದಕ್ಕೆ ಹೋದ. "ಇಬ್ಬರು ಅಣ್ಣತಮ್ಮಂದಿರು. ಒಬ್ಬನಿಗೆ ಕಣಜದ ತುಂಬ ಕಾಳು, ಇನ್ನೊಬ್ಬನಿಗೆ ಒಂದೇ ಗಡಿಗೆ. ಹಸಿದು ಮೊದಲು ಸಾಯುವವನು ಕಣಜದವನೇ. ಯಾರಿವರು?"

"ದೊಡ್ಡ ಚುಕ್ಕಿ, ಸಣ್ಣ ಚುಕ್ಕಿ. ದೊಡ್ಡ ಕುಲುಮಿ ಒಂದ ದಿನದಾಗ ಬಂಡಿ ಇದ್ದಲಿ ನುಂಗ್ತದ. ಅಕ್ಕಸಾಲ್ಯಾನ ಅಗ್ಗಿಷ್ಟಿಗಿಗೆ ಒಂದ ಮುಷ್ಟಿ ಸಾಕು. ದೊಡ್ಡ ಚುಕ್ಕಿ ಸಾಯೋಮುಂದ ಸಿಡೀತಾವ. ಆ ಬೂದೀನ ಮುಂದಿನ ಚುಕ್ಕಿಗೆ ಧೂಳಾಗ್ತದ."

ಇದೂ ಸರಿಯಿತ್ತು. ಅರಸ ಸಿಂಹಾಸನದಲ್ಲಿ ನೆಟ್ಟಗೆ ಕುಳಿತ.

"ಮೂವರು ಅಕ್ಕತಂಗಿಯರು," ಎಂದ ಜೋಯಿಸ. "ಮೂವರೂ ಚುಕ್ಕಿಗಳೇ. ಒಬ್ಬಳದು ಕೆಂಪು ಸೀರೆ, ಒಬ್ಬಳದು ಹಳದಿ, ಒಬ್ಬಳದು ನೀಲಿ ಬೆರೆತ ಬಿಳಿ. ಮುಟ್ಟಿದರೆ ಹೆಚ್ಚು ಸುಡುವವಳು ಯಾರು?"

"ಬಿಳಿ ಸೀರ್ಯಾಕಿ."

"ತಪ್ಪು!" ಜೋಯಿಸ ಓಲೆಗರಿ ಎತ್ತಿ ತೋರಿಸಿದ. "ಬೆಂಕಿಯ ಬಣ್ಣ ಕೆಂಪು, ಎಳೆಮಗುವಿಗೂ ಗೊತ್ತು. ಬಿಳಿ ಬೆಳದಿಂಗಳಿನಂತೆ ತಂಪು."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಈ ಕಥೆ ಹೇಳುವಾಗ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಆ ಸಭೆಯಲ್ಲಿ ಒಬ್ಬನಾದರೂ ಒಲೆ ಊದಿದವನು ಇರಲಿಲ್ಲ.

"ಇಲ್ಲೇ ಒಂದು ಕುಲುಮಿ ಹೂಡಸ್ರಿ," ಎಂದಳು ಮೋನವ್ವ. "ಆಮ್ಯಾಲ ಬೇಕಾದ್ರ ತಲಿ ತಗೀರಿ."

ಇದೂ ಒಂದು ತಮಾಷೆ ಎಂದು ಅರಸ ಒಪ್ಪಿದ. ಕುಲುಮೆ ಬಂತು. ಅವಳು ತಿದಿ ಊದಿ ಒಂದು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿದಳು. ಅದನ್ನು ಕೆಂಡದ ಅಂಚಿಗೆ ಸರಿಸಿ, ಇನ್ನೊಂದನ್ನು ನಡುವೆ ಇಟ್ಟು, ಇದ್ದ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಊದಿದಳು. ಅದು ಕೆಂಪು ದಾಟಿ, ಹಳದಿ ದಾಟಿ, ಕಣ್ಣು ಕೋರೈಸುವ ಬಿಳಿಯಾಯಿತು. ಎರಡನ್ನೂ ತೆಗೆದು ಜೋಯಿಸನ ಮುಂದೆ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟಳು.

"ಬಿಳೇದು ತಂಪಲ್ಲೇನ್ರಿ? ನಿಮ್ಮ ಬಂಗಾರದ ಕಡಗ ತಗದು ಅದರ ಮ್ಯಾಲ ಇಡ್ರಿ."

ಜೋಯಿಸ ಕಡಗವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಹಿಂದೆ ಸರಿದ.

"ಇಡು," ಎಂದ ಅರಸ.

"ಕರಗಿಹೋಗುತ್ತದೆ, ಪ್ರಭು!"

"ಕೆಂಪಿನ ಮೇಲಾದರೆ?"

ಜೋಯಿಸ ಕೆಂಪು ಪಟ್ಟಿಯ ಕಡೆ ನೋಡಿದ. "ಕೆಂಪಿನ ಮೇಲಾದರೆ... ಉಳಿದೀತು."

ಮೋನವ್ವ ಅರಸನ ಕಡೆ ತಿರುಗಿದಳು.

"ಹಂಗಾದ್ರ ಕುಂಬಾರ ಚೆನ್ನಿಗನ ತಲಿ ಯಾಕ ತಗದ್ರಿ? ಅದನ್ನ ಹೊಳ್ಳಿ ಹಚ್ಚಿ ಕೊಡ್ತೀರೇನು?"

ಅರಸ ನೆಲ ನೋಡಿದ. "ನಿಮ್ಮಣ್ಣನನ್ನು ಬಿಡಿಸುತ್ತೇನೆ. ಅರ್ಧ ರಾಜ್ಯ ನಿನ್ನದು," ಎಂದ.

"ಅದನ್ನ ಬಿಟ್ಟು ಹೋಗ್ತೀನಂತ ತಿಳದೀರೇನು?" ಎಂದಳು ಅವಳು. ಅಂದೇ ಅರ್ಧ ರಾಜ್ಯವನ್ನು ಬರೆಸಿಕೊಂಡಳು. ಚೆನ್ನಿಗನ ತಾಯಿಗೆ ಒಂದು ಊರನ್ನೇ ಕೊಟ್ಟಳು. ತನ್ನ ಸೀಮೆಯಲ್ಲಿ ಮಾತಿನ ಆಟಕ್ಕೆ ಯಾರ ತಲೆಯನ್ನೂ ತೆಗೆಯಕೂಡದೆಂದು ಕಟ್ಟಳೆ ಮಾಡಿದಳು. ಜೋಯಿಸನನ್ನು ತಿದಿ ಊದಲು ಕೂರಿಸಿದಳು.

ಸೆರೆಯ ಬಾಗಿಲು ತೆರೆದಾಗ ಈರಬದ್ರ ಹಲ್ಲು ಕಿರಿಯುತ್ತ ಬಂದ. "ನಾ ಹೇಳಿದ್ದು ಖರೇ ಇತ್ತಲ್ಲ, ಮೋನಿ?"

ಮೋನವ್ವ ಅವನ ಕೆನ್ನೆಗೆ ಫಟಾರನೆ ಬಾರಿಸಿದಳು.

"ಖರೇ ಇತ್ತು. ಖರೇ ಹೇಳಿ ನೀ ಸತ್ತಿದ್ದರ, ನಾ ಯಾರಿಗೆ ಅಣ್ಣಾ ಅನಬೇಕಿತ್ತು?"

ಅವನ ಎದೆಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತಳು.