ಪರದೆಗೆ ಕಾಣದ ಸಾಲು

ವಿಮಾನ ನಿಲ್ದಾಣದಲ್ಲಿ ಜನರನ್ನು ಬಿಸಿಲಿನಲ್ಲಿ ನಿಲ್ಲಿಸಿ, ‘ಕಾಯುವ ಹೊತ್ತು ಎರಡೇ ನಿಮಿಷ’ ಎಂದು ಪರದೆಯ ಮೇಲೆ ಸುಳ್ಳು ತೋರಿಸಿದರು. ಕಂಪ್ಯೂಟರಿನ ಕ್ಯಾಮೆರಾ ಎಣಿಸುತ್ತಿದ್ದದ್ದು ಬಾಗಿಲೊಳಗಿನ ಸಾಲನ್ನು ಮಾತ್ರ. ಅದಕ್ಕೇ ಮ್ಯಾನೇಜರ್ ಪ್ರಭುದೇವಯ್ಯ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿಸಿ, ಕಾವಲಿನ ಯಂಕಮ್ಮನ ಮೇಲೆ ಗುಡುಗಿದ.

“ಒಳಗಿನ ಸಾಲು ಕರಗುವವರೆಗೆ ಒಂದು ನರಪಿಳ್ಳೆಯನ್ನೂ ಬಿಡಬೇಡ. ಪರದೆ ಮೂರು ತೋರಿಸಿತೋ, ನಿನ್ನ ಕೆಲಸ ಹೋಯಿತು!”

ಯಂಕಮ್ಮ ಹಲ್ಲು ಕಚ್ಚಿಕೊಂಡು ಕಾದಳು.

ಈ ಎರಡು ನಿಮಿಷಕ್ಕಾಗಿ ದಿಲ್ಲಿಯವರು ಪ್ರಭುದೇವಯ್ಯನನ್ನು ಪ್ರಶಸ್ತಿಗೆ ಕರೆದರು. ಹೊಸ ಸೂಟು ತೊಟ್ಟು ದಿಲ್ಲಿಯ ವಿಮಾನ ಹಿಡಿಯಲು ಬಂದವನೇ ಹಗ್ಗಕ್ಕೆ ಕೈ ಹಾಕಿದ. ಯಂಕಮ್ಮ ಅದನ್ನು ಬಿಗಿಯಾಗಿ ಹಿಡಿದಳು.

“ಕೊನೆಗೆ ಹೋಗಿ ನಿಲ್ಲಿ ಸಾರ್. ನಿಮ್ಮನ್ನು ಒಳಗೆ ಬಿಟ್ಟರೆ ಮೂರಾಗುತ್ತೆ, ನನ್ನ ಅನ್ನ ಹೋಗುತ್ತೆ.”

ಪಕ್ಕದ ಬಾಗಿಲಿಗೆ ಓಡಿದ. ಅದಕ್ಕೆ ಬೀಗ ಹಾಕಿಸಿದ್ದವನೂ ಅವನೇ. ಸಾಲಿನವರು ಕೇಕೆ ಹಾಕಿದರು. ಬೇರೆ ದಾರಿಯಿಲ್ಲದೆ ಅವನೂ ಬಿಸಿಲಿನ ಸಾಲಿಗೆ ಸೇರಿದ.

“ನಲವತ್ತು ನಿಮಿಷದಿಂದ ಬೇಯ್ತಿದ್ದೀನಲ್ಲೇ!” ಎಂದು ಕೊನೆಗೆ ಬಾಯಿ ಬಡಿದುಕೊಂಡ.

“ಎಲ್ಲಿ ಸಾರ್? ನಿಮ್ಮ ಪರದೆ ನೋಡಿ. ಅದರ ಲೆಕ್ಕದಲ್ಲಿ ನೀವಿನ್ನೂ ಬಂದೇ ಇಲ್ಲ.”

ದಿಲ್ಲಿಯ ವಿಮಾನ ಅವನ ತಲೆಯ ಮೇಲೆಯೇ ಹಾರಿಹೋಯಿತು.

ನೀವೂ ಇಂಥ ಸಾಲಿನಲ್ಲಿ ನಿಂತರೆ ಪರದೆಯನ್ನು ನಂಬಬೇಡಿ. ಕೈಗಡಿಯಾರ ನೋಡಿ, ನಿಂತ ನಿಮಿಷಗಳನ್ನು ಬರೆದು, ಮ್ಯಾನೇಜರನ ಮುಖಕ್ಕೆ ಹಿಡಿಯಿರಿ.